ಮೊದಲ ಹಾಳೆ ಬೇಡವೆಂದವನು

ಊಟದ ಕೋಣೆಯ ಮೂಲೆಯಲ್ಲಿದ್ದ ಆ ಕಂಪ್ಯೂಟರ್ ಯಾರದು ಎಂದು ಕೇಳಿದರೆ ಮನೆಯವರೆಲ್ಲ 'ನಮ್ಮದು' ಅನ್ನುತ್ತಿದ್ದರು. ಅದರ ಧೂಳು ಒರೆಸುವವಳು ಮಾತ್ರ ಒಬ್ಬಳೇ. ಫ್ಯಾಕ್ಟರಿ ಬಿಟ್ಟ ದಿನ ಕೈಗೆ ಬಂದದ್ದನ್ನೆಲ್ಲ ಸುರಿದು ಅದನ್ನು ಕೊಂಡವಳೂ ಅವಳೇ. ಈ ಎರಡನೆಯ ವಿಷಯ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನೆನಪಿಸಿದರೆ, "ಹೋಗಲಿ ಬಿಡು, ಮನೆಯೊಳಗೆ ನಿಂದು ನಂದು ಅಂತ ಏನು" ಎಂದು ಗಂಡ ನಗುತ್ತಿದ್ದ. ಅವನ ಸ್ಕೂಟರಿನ ಬೀಗದ ಕೈ ಮಾತ್ರ ಅವನ ಜೇಬಿನಲ್ಲೇ ಇರುತ್ತಿತ್ತು.

ಬೀದಿಯ ದರ್ಜಿಗಳು ಅವಳನ್ನು ಅಳತೆಯಕ್ಕ ಅನ್ನುತ್ತಾರೆ. ಬಟ್ಟೆಗೆ ಕತ್ತರಿ ಬೀಳುವ ಮೊದಲು ತೋಳು, ಕಾಲರು, ಬೆನ್ನು, ಜೇಬು ಎಲ್ಲವೂ ಕಾಗದದ ಮೇಲೆ ತಯಾರಾಗಬೇಕು. ಆ ಕಾಗದಕ್ಕೆ ಪ್ಯಾಟರ್ನ್ ಎಂದು ಹೆಸರು. ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ನಿಂತುಕೊಂಡೇ ಪ್ಯಾಟರ್ನ್ ಮಾಡಿದಳು. ಅವಳು ಮಾಡಿದ ಕಾಲರು ಕತ್ತಿಗೆ ಕೂತ ಹಾಗೆ ಬೇರೆ ಯಾರದೂ ಕೂರುತ್ತಿರಲಿಲ್ಲ. ಕಾಗದದ ಕೆಳಗೆ ಸಹಿ ಮಾತ್ರ ಅವಳ ಮೇಲಿದ್ದ ಪ್ಯಾಟರ್ನ್ ಮಾಸ್ತರನದು. ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಬಿಡಿಸುವ ಪ್ರೋಗ್ರಾಂ ಬಂದಾಗ ಮಾಸ್ತರನಿಗೆ ಮೌಸ್ ಹಿಡಿಯಲು ನಾಚಿಕೆಯಾಯಿತು. ಇವಳು ಕಲಿತಳು. ಸಹಿ ಆಗಲೂ ಅವನದೇ.

ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದಾಗ ಕೆಲಸ ಯಾರು ಬಿಡಬೇಕು ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಿದರು. ತೀರ್ಮಾನ ಮಾಡುವವರಿಗೆ ಅವಳು ಕಾಫಿ ಕೊಟ್ಟಳು. ಕಪ್ಪುಗಳನ್ನು ತೆಗೆಯಲು ಬರುವಷ್ಟರಲ್ಲಿ ಅವಳ ಕೆಲಸ ಹೋಗಿತ್ತು.

ಅದೇ ಪ್ರೋಗ್ರಾಮಿನ ಒಂದು ಸಿ.ಡಿ.ಯನ್ನು ಲೈಸೆನ್ಸ್ ಸಮೇತ ಕೊಂಡು ಮನೆಯಲ್ಲೇ ಶುರು ಮಾಡಿದಳು. ಹದಿನಾಲ್ಕು ವರ್ಷಗಳಲ್ಲಿ ಸಾವಿರದ ಇನ್ನೂರು ಪ್ಯಾಟರ್ನ್. ಪ್ರೋಗ್ರಾಂ ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಅವಳಿಗೇನೂ ಕಷ್ಟವಾಗಲಿಲ್ಲ. ಯಾವ ಕೀಲಿ ಒತ್ತಿದರೆ ಕಂಕುಳಿನ ಗೆರೆ ಬಾಗುತ್ತದೆ ಎನ್ನುವುದು ಬೆರಳಿಗೇ ಗೊತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದು, ಒಂದು ತೋಳು ಮುಗಿಸಿ, ಹಾಲು ಉಕ್ಕುವ ಮೊದಲು ಎದ್ದು ಹೋಗುತ್ತಿದ್ದಳು. ಹೊಸ ಪ್ರೋಗ್ರಾಂ ಕಲಿಯಲು ಆರು ತಿಂಗಳು ಬೇಕು ಅನ್ನುತ್ತಾರಲ್ಲ, ಆ ಆರು ತಿಂಗಳು ಅತ್ತೆಗೆ ಯಾರು ಸ್ನಾನ ಮಾಡಿಸುತ್ತಾರೆ ಎನ್ನುವುದನ್ನೂ ಸೇರಿಸಿ ಹೇಳಬೇಕು.

ಪ್ರಿಂಟ್ ತೆಗೆದ ಕಟ್ಟಿನಲ್ಲಿ ಮೊದಲ ಹಾಳೆಯ ಮೇಲೆ ಪ್ಯಾಟರ್ನೇ ಇರುವುದಿಲ್ಲ. ಹತ್ತು ಸೆಂಟಿಮೀಟರಿನ ಒಂದು ಖಾಲಿ ಚೌಕ, ಪಕ್ಕದಲ್ಲಿ ಉಡುಪಿನ ಹೆಸರು, ಅಷ್ಟೆ. ಪ್ರಿಂಟರುಗಳಿಗೆ ಚಿತ್ರವನ್ನು ಹಾಳೆಯ ಅಂಚಿನೊಳಗೆ ಕೂರಿಸಲು ಸದ್ದಿಲ್ಲದೆ ಕುಗ್ಗಿಸುವ ಚಟವಿದೆ. ಹಾಗಾಗಿ ಅವಳು ಮೊದಲು ಆ ಚೌಕದ ಮೇಲೆ ಟೇಪು ಇಡುತ್ತಾಳೆ. ಸರಿಯಾಗಿ ಹತ್ತು ಬಂದರೆ ಮಾತ್ರ ಉಳಿದ ಹಾಳೆಗಳನ್ನು ಅಂಟಿಸುತ್ತಾಳೆ. ಅವಳ ಕಾಗದ ಒಂದು ದಾರದಷ್ಟೂ ತಪ್ಪಿದ್ದು ಇರಲಿಲ್ಲ. ಮಾಸ್ತರನ ಸಹಿಯಡಿಯಲ್ಲಿ ಒಂಬತ್ತು ವರ್ಷ ಕಳೆದವಳಿಗೆ ಆ ಹೆಸರೊಂದೇ ಸ್ವಂತದ ಆಸ್ತಿ.

ಇನ್ನು ಮೈದುನ. ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಮದುವೆಯಾಗಿಲ್ಲ, ಅಣ್ಣನ ಮನೆಯಲ್ಲೇ ಇದ್ದಾನೆ. ಅವಳು ಮದುವೆಯಾಗಿ ಬಂದಾಗ ಅವನು ಹತ್ತನೇ ಕ್ಲಾಸು. ಅವನ ಶಾಲೆಯ ಅಂಗಿಗೆ ಇಸ್ತ್ರಿ ಮಾಡಿದ ಕೈ ಇವತ್ತು ಕಾಲೇಜಿನ ಅಂಗಿಗೂ ಮಾಡುತ್ತಿದೆ. ಅವನು ಮುಕ್ತ ತಂತ್ರಾಂಶದ ಬಳಗವೊಂದರ ಮುಖ್ಯಸ್ಥ. ಯಾವ ಕಂಪನಿಯ ಹಂಗೂ ಇಲ್ಲದೆ ಎಲ್ಲರೂ ಕೂಡಿ ಕಟ್ಟಿದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಪ್ರೋಗ್ರಾಮುಗಳನ್ನೇ ಬಳಸಬೇಕು ಎನ್ನುವುದು ಅವರ ವಾದ. ವಾದ ಒಳ್ಳೆಯದೇ. ಅವಳಿಗೂ ಹಾಗೇ ಅನ್ನಿಸುತ್ತಿತ್ತು.

ಕಂಪ್ಯೂಟರಿನ ಪರದೆಯ ತುಂಬ ಒಂದು ದಿನ ನೋಟಿಸು ಬಂತು: ಈ ಯಂತ್ರ ಹಳೆಯದು, ಹೊಸ ವ್ಯವಸ್ಥೆಗೆ ಲಾಯಕ್ಕಿಲ್ಲ, ಹಳೆಯದಕ್ಕೆ ಇನ್ನು ರಕ್ಷಣೆ ಇಲ್ಲ. ಗಂಡ ಓದಿ, "ನಿನ್ನ ಜಾತಕವೇ ಬಂದಿದೆ ನೋಡು" ಎಂದು ತನ್ನ ತಮಾಷೆಗೆ ತಾನೇ ನಕ್ಕ. ಮೈದುನ, "ಅದನ್ನ ತೆಗೆದು ನಮ್ಮ ಮುಕ್ತ ವ್ಯವಸ್ಥೆ ಲಿನಕ್ಸ್ ಹಾಕಿದ್ರೆ ಇದೇ ಯಂತ್ರ ಇನ್ನೂ ಹತ್ತು ವರ್ಷ ಓಡುತ್ತೆ ಅತ್ತಿಗೆ" ಅಂದ.

"ಹಾಕೋಣ. ಆದ್ರೆ ನನ್ನ ಪ್ರೋಗ್ರಾಂ ಅದರಲ್ಲಿ ನಡೆಯುತ್ತಾ ನೋಡಿ ಆಮೇಲೆ ಹಾಕು" ಅಂದಳು ಅವಳು.

ಇಷ್ಟು ಮಾತು ಆದದ್ದು ಭಾನುವಾರ. ಬುಧವಾರ ಅವಳ ತಾಯಿಗೆ ಕಣ್ಣಿನ ಆಪರೇಷನ್ ಇತ್ತು, ಮೂರು ದಿನ ತವರಿಗೆ ಹೋದಳು. ಹೋಗುವ ಮೊದಲು ಮೂರು ದಿನದ ಅಡುಗೆಯಲ್ಲಿ ಅರ್ಧ ಮಾಡಿಟ್ಟು, ಅತ್ತೆಯ ಮಾತ್ರೆಗಳನ್ನು ಬೆಳಗ್ಗೆ ಮಧ್ಯಾಹ್ನ ರಾತ್ರಿ ಎಂದು ಬರೆದು ಡಬ್ಬಿಗಳಲ್ಲಿ ತುಂಬಿಟ್ಟಳು. ವಾಪಸು ಬಂದಾಗ ಪರದೆಯ ಬಣ್ಣ ಬದಲಾಗಿತ್ತು.

"ಸರ್‌ಪ್ರೈಸ್ ಹೇಗಿದೆ?" ಅಂದ ಮೈದುನ.

"ನನ್ನ ಪ್ರೋಗ್ರಾಂ ಎಲ್ಲಿ?"

"ಅದು ಇದರಲ್ಲಿ ಬರಲ್ಲ. ನಿಮ್ಮ ಡಾಕ್ಯುಮೆಂಟ್ ಎಲ್ಲಾ ಕಾಪಿ ಮಾಡಿದೀನಿ, ಹೆದರಬೇಡಿ."

ಅವನು ಕಾಪಿ ಮಾಡಿದ್ದು ಮಗಳ ಹೋಂವರ್ಕು, ಅಣ್ಣನ ಫೋಟೋಗಳು. ಪ್ಯಾಟರ್ನುಗಳು ಪ್ರೋಗ್ರಾಮಿನ ಒಳಗೇ ಇದ್ದ ಬೇರೆ ಫೋಲ್ಡರಿನಲ್ಲಿದ್ದವು. ಎಲ್ಲಿವೆ ಎಂದು ಅವನು ಕೇಳಲಿಲ್ಲ. ಒಂದು ಫೋನು ಸಾಕಿತ್ತು. ಅತ್ತೆಯ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ಕೇಳಲು ಅದೇ ಮೂರು ದಿನಗಳಲ್ಲಿ ಆರು ಸಲ ಫೋನು ಮಾಡಿದ್ದ. ಪ್ರತಿ ಶನಿವಾರ ಪೆನ್‌ಡ್ರೈವಿಗೆ ತುಂಬಿಡುವ ಅಭ್ಯಾಸ ಅವಳಿಗೆ ಇದ್ದದ್ದರಿಂದ ಹದಿನಾಲ್ಕು ವರ್ಷ ಉಳಿಯಿತು. ಕಳೆದದ್ದು ಮೂರು ದಿನದ ಕೆಲಸ. "ನೋಡಿ, ಏನೂ ಹೋಗಿಲ್ವಲ್ಲ" ಅಂದ ಮೈದುನ.

ಹಳೆಯ ಪ್ರೋಗ್ರಾಮನ್ನು ಹೊಸ ವ್ಯವಸ್ಥೆಯಲ್ಲಿ ಓಡಿಸಲು ದಾರಿ ಇದೆ ಎಂದು ಅವಳು ಫೋನಿನಲ್ಲಿ ಓದಿ ತಿಳಿದಳು. ಅದಕ್ಕೊಂದು ಮಧ್ಯದ ಪದರ ಹಾಕಬೇಕು. ತಾನು ಹಳೆಯ ಮನೆಯಲ್ಲೇ ಇದ್ದೇನೆಂದು ಪ್ರೋಗ್ರಾಂ ನಂಬಿಕೊಂಡು ಕೆಲಸ ಮಾಡುತ್ತದೆ. ಮೈದುನನನ್ನು ಕೇಳಿದಳು.

"ಇದೆ, ಆದ್ರೆ ನಾನು ಹಾಕಲ್ಲ" ಅಂದ. ಅವನು ಆಗ ಅವಳು ಬಡಿಸಿದ ಊಟ ಮಾಡುತ್ತಿದ್ದ. "ಜೈಲಿಂದ ಹೊರಗೆ ಬಂದು ಜೈಲಿನ ಬೀಗ ತಂದು ಮನೆಗೆ ಹಾಕಿಕೊಂಡ ಹಾಗೆ ಅದು. ನಂದೊಂದು ತತ್ವ ಇದೆ ಅತ್ತಿಗೆ. ಇದರಲ್ಲೇ ಮುಕ್ತವಾದ ಪ್ಯಾಟರ್ನ್ ಪ್ರೋಗ್ರಾಂ ಇದೆ, ಕಲೀರಿ."

"ನಿನ್ನ ತತ್ವ ಅಲ್ವಾ, ನೀನು ಕಲಿ. ನನಗೆ ಶುಕ್ರವಾರ ಎಪ್ಪತ್ತು ಕೋಟಿನ ಕಾಗದ ಕೊಡಬೇಕು. ಪಾಸ್‌ವರ್ಡ್ ಕೊಡು, ನಾನೇ ಹಾಕ್ಕೋತೀನಿ."

ಹೊಸದೇನನ್ನು ಹಾಕಬೇಕಾದರೂ ಆ ವ್ಯವಸ್ಥೆ ಯಜಮಾನನ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಅವನ ಬಳಿ ಮಾತ್ರ ಇತ್ತು.

"ನೀವು ಏನಾದ್ರೂ ಕೆಡಿಸ್ಬಿಡ್ತೀರಿ. ಏನು ಬೇಕೋ ನನ್ನ ಕೇಳಿ."

ಏನು ಬೇಕೆಂದು ಈಗ ತಾನೇ ಕೇಳಿದ್ದಳು. ಗಂಡ ತಟ್ಟೆಯಿಂದ ಮುಖ ಎತ್ತದೆ, "ಅವನಿಗೆ ಗೊತ್ತಿರುತ್ತೆ ಬಿಡು" ಅಂದ.

ಎಪ್ಪತ್ತು ಕೋಟು ಆಸ್ಪತ್ರೆಯ ನರ್ಸುಗಳಿಗೆ. ಆರ್ಡರು ಕೊಟ್ಟವಳು ಮೂರು ಬೀದಿ ಆಚೆಯ ಹೊಲಿಗೆ ವರ್ಕ್‌ಶಾಪಿನ ಯಜಮಾನಿ. ಅಳತೆಯಕ್ಕನ ಕೆಲಸದಲ್ಲಿ ಮುಕ್ಕಾಲು ಪಾಲು ಬರುತ್ತಿದ್ದುದು ಅಲ್ಲಿಂದಲೇ. ಅದೃಷ್ಟಕ್ಕೆ ಹಿಂದಿನ ವರ್ಷ ಅದೇ ಕೋಟಿನ ಪ್ಯಾಟರ್ನನ್ನು ಪ್ರಿಂಟಿಗೆ ಸಿದ್ಧವಾದ ಪಿ.ಡಿ.ಎಫ್. ಮಾಡಿ ಇಟ್ಟಿದ್ದಳು. ಅದನ್ನು ತೆರೆಯಲು ಅವಳ ಹಳೆಯ ಪ್ರೋಗ್ರಾಂ ಬೇಕಿರಲಿಲ್ಲ. ಶುಕ್ರವಾರ ಬೆಳಗ್ಗೆ ಪ್ರಿಂಟಿಗೆ ಕೊಡಬೇಕು ಎನ್ನುವಾಗ ಅತ್ತೆ ಹಾಸಿಗೆ ಒದ್ದೆ ಮಾಡಿಕೊಂಡರು. ಅವಳು ಒಳಗೆ ಹೋಗಿ ಅವರನ್ನು ತೊಳೆದು, ಬಟ್ಟೆ ಬದಲಿಸಿ, ಹಾಸಿಗೆ ಮಗುಚಿ ಹಾಕಿ ಬರುವಷ್ಟರಲ್ಲಿ ವರ್ಕ್‌ಶಾಪಿನ ಗಾಡಿಯವನು ಬಂದು ಹೋಗಿದ್ದ.

"ನಾನೇ ಪ್ರಿಂಟ್ ತೆಗೆದು, ಅಂಟಿಸಿ, ಸುತ್ತಿ ಕೊಟ್ಟುಕಳಿಸಿದೆ" ಅಂದ ಮೈದುನ, ಮನೆಗೆ ದೊಡ್ಡ ಉಪಕಾರ ಮಾಡಿದವನ ಮುಖದಲ್ಲಿ. "ನೋಡಿ, ನಿಮ್ಮ ಹಳೇ ಪ್ರೋಗ್ರಾಂ ಇಲ್ಲದೇನೂ ಕೆಲಸ ಆಗುತ್ತೆ."

"ಚೌಕ ಅಳೆದ್ಯಾ?"

"ಯಾವ ಚೌಕ? ಮೊದಲ ಹಾಳೆ ಖಾಲಿ ಇತ್ತಲ್ಲ, ಅದಾ? ಅದನ್ನ ಬಿಟ್ಟು ತೆಗೆದೆ. ಕಾಗದ ದಂಡ."

ಅವಳು ವರ್ಕ್‌ಶಾಪಿಗೆ ಫೋನು ಮಾಡಿದಳು. ಯಜಮಾನಿ ಆಸ್ಪತ್ರೆಯ ಮೀಟಿಂಗಿನಲ್ಲಿದ್ದಳು, ಎತ್ತಲಿಲ್ಲ. ಹೊರಡೋಣವೆಂದು ಚಪ್ಪಲಿ ಮೆಟ್ಟಿದರೆ ಮನೆಯಲ್ಲಿ ಅತ್ತೆ ಒಬ್ಬರೇ; ಗಂಡ ಆಫೀಸಿಗೆ ಹೋಗಿಯಾಗಿತ್ತು, ಮೈದುನ ಕಾಲೇಜಿಗೆ ಹೊರಟು ನಿಂತಿದ್ದ. "ಅರ್ಧ ಗಂಟೆ ಇರು, ಹೋಗಿ ಬರ್ತೀನಿ" ಅಂದಳು. "ಕ್ಲಾಸಿದೆ ಅತ್ತಿಗೆ, ಇಷ್ಟಕ್ಕೆಲ್ಲ ಗಾಬರಿ ಆಗಬೇಡಿ" ಎಂದು ಅವನು ಹೋದ. ಮಧ್ಯಾಹ್ನ ಮಗಳು ಶಾಲೆಯಿಂದ ಬಂದ ಮೇಲೆ ಓಡಿದಳು. ಎಪ್ಪತ್ತು ಪದರ ಬಟ್ಟೆಯ ಮೇಲೆ ಕತ್ತರಿ ಆಡಿಯಾಗಿತ್ತು.

ವರ್ಕ್‌ಶಾಪಿನ ಕಟಿಂಗ್ ಮಾಸ್ತರ ಯಾವಾಗಲೂ ಚೌಕವನ್ನು ತಾನೊಮ್ಮೆ ಅಳೆಯುತ್ತಿದ್ದ. ಈ ಸಲ ಅದು ಇರಲೇ ಇಲ್ಲ. ಅಳತೆಯಕ್ಕನ ಕಾಗದವಲ್ಲವೇ ಎಂದು ನಂಬಿ ಕತ್ತರಿಸಿದ್ದ. ಪ್ರಿಂಟರ್ ನೂರಕ್ಕೆ ನಾಲ್ಕು ಪಾಲು ಕುಗ್ಗಿಸಿತ್ತು: ಎದೆಯಲ್ಲಿ ನಾಲ್ಕು ಸೆಂಟಿಮೀಟರ್ ಕಡಿಮೆ, ತೋಳಿನಲ್ಲಿ ಎರಡಕ್ಕೂ ಹೆಚ್ಚು. ಹನ್ನೊಂದು ಕೋಟು ಆಗಲೇ ಹೊಲಿದಾಗಿತ್ತು; ಒಂದನ್ನು ಯಜಮಾನಿ ತಾನೇ ಹಾಕಿಕೊಂಡು ನಿಂತಿದ್ದಳು. ಗುಂಡಿ ಕೂರುತ್ತಿರಲಿಲ್ಲ.

"ಏನಕ್ಕಾ, ಕಣ್ಣು ತಪ್ಪಿತಾ, ಗಮನ ತಪ್ಪಿತಾ?" ಯಜಮಾನಿ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ನಾಲ್ಕು ಟೈಲರ್ ಕೂರಿಸಿದೀನಿ. ಮುಂದಿನ ತಿಂಗಳ ಶಾಲೆ ಯೂನಿಫಾರ್ಮ್ ನಿಮಗೆ ಅಂತ ಇಟ್ಟಿದ್ದೆ. ಈಗ ಬೇರೆ ಕಡೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಅವಳ ನಾಲಗೆಯ ತುದಿಗೆ ಮಾತು ಬಂದಿತ್ತು. ಮನೆಯ ಗಂಡಸಿನ ಮೇಲೆ ಹೊರಗೆ ದೂರು ಹೇಳಬಾರದು ಎಂದು ಇಪ್ಪತ್ತು ವರ್ಷ ನುಂಗಿ ಅಭ್ಯಾಸವಾದ ಗಂಟಲು ಅದನ್ನೂ ನುಂಗಿತು.

ಸಂಜೆ ಮನೆಯಲ್ಲಿ ಹೇಳಿದಳು. ಗಂಡ, "ಪಾಪ, ಸಹಾಯ ಮಾಡಕ್ಕೆ ಹೋಗಿ ಆಗಿದೆ. ಅದನ್ನೇ ಎಳೀಬೇಡ. ಅಲ್ಲಿ ಇವನ ಹೆಸರು ಎತ್ತಬೇಡ, ಆಸ್ಪತ್ರೆಯವರ ಮಕ್ಕಳು ಇವನ ಕಾಲೇಜಿಗೆ ಬರ್ತಾರೆ" ಅಂದ.

"ಮತ್ತೆ ನನ್ನ ಹೆಸರು?"

"ನಿಂದೇನು ಹೋಗುತ್ತೆ? ಮನೇಲಿರೋಳು."

ಮೈದುನ ಅಷ್ಟು ಹೊತ್ತೂ ಫೋನು ನೋಡುತ್ತಿದ್ದ. ಕೊನೆಗೆ, "ಕುಗ್ಗಿಸೋದು ಪ್ರಿಂಟರಿನ ಸೆಟ್ಟಿಂಗು. ನಮ್ಮ ವ್ಯವಸ್ಥೆಯ ತಪ್ಪಲ್ಲ ಅದು" ಎಂದು ಸ್ಪಷ್ಟಪಡಿಸಿದ. ವ್ಯವಸ್ಥೆಗೆ ಕಳಂಕ ತಟ್ಟಲಿಲ್ಲವೆಂದು ಅವನಿಗೆ ನೆಮ್ಮದಿಯಾದಂತಿತ್ತು.

ಎರಡು ದಿನ ಬಿಟ್ಟು ಭಾನುವಾರ ಬಳಗದ ಸಭೆ ಆ ಮನೆಯ ಹಜಾರದಲ್ಲೇ ನಡೆಯಿತು. ಹದಿನಾಲ್ಕು ಜನ, ಹದಿನಾಲ್ಕು ಲೋಟ. ಅವಳು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತ ಹೋದಳು. ಮೈದುನ ಎದ್ದು ನಿಂತು ಮಾತಾಡುತ್ತಿದ್ದ: "ಯಂತ್ರವನ್ನು ಯಾರು ಬಳಸುತ್ತಾರೋ ಅವರೇ ಅದರ ಒಡೆಯರಾಗಬೇಕು. ಬೀಗದ ಕೈ ಬೇರೆಯವರ ಹತ್ತಿರ ಇದ್ದರೆ ಅದು ಗುಲಾಮಗಿರಿ. ಇದಕ್ಕೆ ನಮ್ಮ ಮನೆಯೇ ಉದಾಹರಣೆ. ನಮ್ಮ ಅತ್ತಿಗೆಯಂಥ ಸಾಮಾನ್ಯ ಗೃಹಿಣಿ ಕೂಡ..."

ಅವಳು ತಟ್ಟೆಯನ್ನು ನೆಲದ ಮೇಲೆ ಇಟ್ಟಳು.

"ಹಾಗಾದ್ರೆ ನನ್ನ ಕಂಪ್ಯೂಟರಿನ ಪಾಸ್‌ವರ್ಡ್ ಕೊಡು."

ಕೆಲವರು ನಕ್ಕರು. ಮೈದುನನೂ ನಕ್ಕ. "ಅತ್ತಿಗೆ ತಮಾಷೆ ಮಾಡ್ತಾರೆ."

"ತಮಾಷೆ ಇಲ್ಲ. ಒಂದು ವಾರದಿಂದ ಕೇಳ್ತಿದೀನಿ. ಬಳಸೋಳು ನಾನು. ಬೀಗದ ಕೈ ನಿನ್ನ ಹತ್ತಿರ ಇದೆ. ಅದಕ್ಕೆ ಏನಂತಾರೆ ಅಂತ ಈಗ ತಾನೇ ಹೇಳಿದ್ಯಲ್ಲ."

ನಗು ನಿಂತಿತು. "ಆಮೇಲೆ ಕೊಡ್ತೀನಿ, ಒಳಗೆ ಹೋಗಿ" ಅಂದ ಮೈದುನ. ಹದಿಮೂರು ಜನ ತಮ್ಮ ತಮ್ಮ ಲೋಟದೊಳಗೆ ನೋಡಿದರು. ಜಗತ್ತಿನ ಎಲ್ಲ ಕಂಪನಿಗಳಿಗೂ ಸವಾಲು ಹಾಕುವವರಿಗೆ, ಕೊಟ್ಟುಬಿಡಪ್ಪ ಎನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ.

ಆ ಗುಂಪಿನಲ್ಲಿ ಇದ್ದದ್ದು ಒಬ್ಬಳೇ ಹೆಂಗಸು, ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು.

"ಆ ಪಾಸ್‌ವರ್ಡ್ ನಿಮಗೆ ಬೇಡ" ಅಂದಳು. "ವ್ಯವಸ್ಥೆಯನ್ನ ಹೊಸದಾಗಿ ಯಾರು ಹಾಕ್ತಾರೋ ಅವರೇ ಪಾಸ್‌ವರ್ಡ್ ಇಡ್ತಾರೆ. ನಮ್ಮ ಲೈಬ್ರರಿಯ ಪುಸ್ತಕಪಟ್ಟಿ ಪ್ರೋಗ್ರಾಂ ಹದಿನೈದು ವರ್ಷ ಹಳೇದು. ಲಿನಕ್ಸಿನಲ್ಲೇ ನಾನು ಓಡಿಸ್ತಿದೀನಿ. ಮಂಗಳವಾರ ನಿಮ್ಮ ಸಿ.ಡಿ. ತಗೊಂಡು ಬನ್ನಿ."

"ನಿಮಗೆ ತತ್ವ ಇಲ್ವಾ?"

"ಇದೆ. ಮೊದಲು ಕೆಲಸ ನಡೀಬೇಕು ಅನ್ನೋದು."

ಮಗಳು ಶಾಲೆಯಿಂದ ಬಂದ ಮೇಲೆ ಎರಡು ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಕಲಿತಳು. ಗುರುವಾರ ಮನೆ ಖಾಲಿಯಾದ ಮೇಲೆ, ಅತ್ತೆಯ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಅವಳೇ ಮಾಡಿದಳು. ಅಳಿಸುವ ಮೊದಲು ಯಾರ್ಯಾರದು ಎಲ್ಲೆಲ್ಲಿದೆ ಎಂದು ಒಂದೊಂದೇ ಫೋಲ್ಡರ್ ತೆರೆದು ನೋಡಿದಳು. ಮಗಳ ಹೋಂವರ್ಕು, ಗಂಡನ ಫೋಟೋ, ಮೈದುನನ ಸ್ವಾತಂತ್ರ್ಯದ ಭಾಷಣಗಳು ಇಪ್ಪತ್ತೇಳು. ಎಲ್ಲವನ್ನೂ ಕಾಪಿ ಮಾಡಿ, ಕಾಪಿ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ, ಆಮೇಲೆ ಕೈ ಹಾಕಿದಳು. ಲೋಕಕ್ಕೆ ಇದು ಕೆಲಸವಾಗಿ ಕಾಣುವುದಿಲ್ಲ. ಮಾಡದೇ ಹೋದಾಗ ಮಾತ್ರ ಕಾಣುತ್ತದೆ.

"ಏನ್ ಮಾಡ್ತಿದೀಯ?" ಅತ್ತೆ ವಾಲಿದ ತುಟಿಯಲ್ಲಿ ಕೇಳಿದರು.

"ಬೀಗ ಬದಲಾಯಿಸ್ತಿದೀನಿ ಅತ್ತೆ."

"ನಾನೂ ಮಾಡಬೇಕಿತ್ತು" ಅಂದರು ಅತ್ತೆ. ಯಾವ ಬೀಗ ಎಂದು ಹೇಳಲಿಲ್ಲ.

ಅದೇ ಲಿನಕ್ಸ್ ಹೊಸದಾಗಿ ಇಪ್ಪತ್ತು ನಿಮಿಷದಲ್ಲಿ ಬಂದು ಕೂತಿತು. ಅದರ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಹಳೆಯ ಯಂತ್ರ ಹುಡುಗಿಯ ಹಾಗೆ ಓಡುತ್ತಿತ್ತು. ಮಧ್ಯದ ಪದರ ಹಾಕಿದಳು, ಸಿ.ಡಿ. ತುರುಕಿದಳು. ಮೊದಲ ಸಲ ಅಕ್ಷರಗಳ ಬದಲು ಡಬ್ಬಿಗಳು ಬಂದವು. ಲೈಬ್ರರಿಯವಳಿಗೆ ಫೋನು ಮಾಡಿ ಅಕ್ಷರಗಳ ಕಡತ ಸೇರಿಸಿದಳು. ಮತ್ತೆ ತೆರೆದಾಗ ಆ ಬೂದು ಬಣ್ಣದ ಕಿಟಕಿ ಬಂತು, ಎಡಗೈ ತಾನಾಗಿ ತನ್ನ ಕೀಲಿಗೆ ಹೋಯಿತು, ಕಂಕುಳಿನ ಗೆರೆ ಬಾಗಿತು. ನರ್ಸ್ ಕೋಟನ್ನು ಪ್ರಿಂಟಿಗೆ ಕೊಟ್ಟಳು. ಚೌಕ ಒಂಬತ್ತು ಪಾಯಿಂಟ್ ಆರು. ಸೆಟ್ಟಿಂಗ್ ಹುಡುಕಿ ನೂರಕ್ಕೆ ನೂರು ಎಂದು ಗುರುತು ಹಾಕಿದಳು. ಹತ್ತು.

ಒಂಬತ್ತು ಪಾಯಿಂಟ್ ಆರಿನ ಕಟ್ಟನ್ನೂ ಹತ್ತರ ಕಟ್ಟನ್ನೂ ಎತ್ತಿಕೊಂಡಳು. ಸಂಜೆ ಮೈದುನನಿಗೆ, "ವರ್ಕ್‌ಶಾಪಿಗೆ ನಡಿ, ನಿನ್ನ ಬಾಯಿಂದಲೇ ಹೇಳು" ಅಂದಳು. ಅವನು, ಬೇಕಾದರೆ ಒಂದು ಮೆಸೇಜು ಹಾಕುತ್ತೇನೆ ಅಂದ. ಅವಳು ಒಬ್ಬಳೇ ಹೋದಳು.

ಯಜಮಾನಿಯ ಮೇಜಿನ ಮೇಲೆ ಎರಡೂ ಕಾಗದ ಒಂದರ ಮೇಲೊಂದು ಹಾಸಿದಳು. "ಆವತ್ತು ನನ್ನ ಮೈದುನ ತೆಗೆದದ್ದು ಈ ಅಳತೆಯಲ್ಲಿ, ಮೊದಲ ಹಾಳೆ ಬಿಟ್ಟು. ಇದು ನಂದು. ತಪ್ಪು ಅವನದು. ಆವತ್ತೇ ಹೇಳದೆ ಸುಮ್ಮನಿದ್ದದ್ದು ಮಾತ್ರ ನಂದು."

ಯಜಮಾನಿ ಎರಡನ್ನೂ ಟೇಪಿನಲ್ಲಿ ಅಳೆದಳು. ಕಟಿಂಗ್ ಮಾಸ್ತರನೂ ಬಂದು ಅಳೆದ.

"ನಿಮ್ಮ ಮನೆ ಮಾನ ಉಳಿಸಕ್ಕೆ ನನ್ನ ಕೋಟು ಪಣಕ್ಕೆ ಕಟ್ಟಿದ್ರಾ?"

"ಹೌದು. ಇನ್ನು ಕಟ್ಟಲ್ಲ."

"ಯೂನಿಫಾರ್ಮ್ ಇನ್ನೂ ಯಾರಿಗೂ ಕೊಟ್ಟಿಲ್ಲ. ಕಾಗದ ನಿಮ್ಮ ಕೈಯಿಂದಲೇ ಬರಬೇಕು, ಗಾಡಿಯವನಿಗೂ ಹೇಳ್ತೀನಿ" ಎಂದು ಯಜಮಾನಿ ಕಾಗದ ಸುತ್ತಿದಳು. "ಎಪ್ಪತ್ತಕ್ಕೂ ಪಕ್ಕಕ್ಕೆ, ತೋಳಿಗೆ ಪಟ್ಟಿ ಕೂಡಿಸ್ಬೇಕು. ಆವತ್ತು ಹೊಲಿದ ಹನ್ನೊಂದನ್ನ ನೀವು ಬಿಚ್ಚಿ ತನ್ನಿ."

ಹನ್ನೊಂದು ಕೋಟಿನ ಚೀಲವನ್ನು ಅವಳು ತಂದು ಊಟದ ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಮೈದುನನಿಗೆ ಕಂಪ್ಯೂಟರ್ ವಿಷಯ ತಿಳಿದಿತ್ತು. ಅವನ ಹೆಸರಿನಲ್ಲಿ ಒಂದು ಖಾತೆ ಇತ್ತು, ಭಾಷಣಗಳೆಲ್ಲ ಕ್ಷೇಮವಾಗಿದ್ದವು. ಆದರೆ ಹೊಸದೇನೋ ಹಾಕಲು ಹೋದರೆ ಅದು ಕಂಪ್ಯೂಟರಿನ ಯಜಮಾನಿಯ ಪಾಸ್‌ವರ್ಡ್ ಕೇಳುತ್ತಿತ್ತು.

"ಭಾಷಣದ ಚಿತ್ರ ತೋರಿಸೋ ಪ್ರೋಗ್ರಾಂ ಹಾಕಬೇಕು ಅತ್ತಿಗೆ. ಪಾಸ್‌ವರ್ಡ್ ಏನು?"

"ಈ ಹನ್ನೊಂದು ಕೋಟಿನ ಪಕ್ಕ ಬಿಚ್ಚು. ಹೇಳ್ತೀನಿ."

ಅವನು ನಕ್ಕ. ಅವಳು ನಗುತ್ತಿಲ್ಲವೆಂದು ನೋಡಿ ಅಣ್ಣನ ಮುಖ ನೋಡಿದ.

"ಏನಿದು, ಗಂಡಸು ಕೂತು ಹೊಲಿಗೆ ಬಿಚ್ಚೋದಾ?" ಅಂದ ಗಂಡ. "ನನ್ನ ಮನೇಲಿ ನಿನ್ನ ಅಪ್ಪಣೆ ಕೇಳ್ಬೇಕಾ?"

"ತವರಿಗೆ ಹೋಗಕ್ಕೆ ನಾನು ಇಪ್ಪತ್ತು ವರ್ಷದಿಂದ ಕೇಳ್ತಿಲ್ವಾ? ಅಭ್ಯಾಸ ಆಗುತ್ತೆ. ಮತ್ತೆ, ಹೊಲಿಗೆ ಬಿಚ್ಚಕ್ಕೆ ಗಂಡಸು ಹೆಂಗಸು ಅಂತಿಲ್ಲ, ಬ್ಲೇಡು ಬೇಕು ಅಷ್ಟೆ. ನೀವೂ ಒಂದು ತಗೊಳ್ಳಿ."

ಗಂಡ ತೆಗೆದುಕೊಳ್ಳಲಿಲ್ಲ, ಎದ್ದು ಟಿ.ವಿ. ಹಾಕಿದ. ಮೈದುನ ಕೂತ. ಮೊದಲ ಕೋಟಿನಲ್ಲಿ ದಾರದ ಜೊತೆ ಬಟ್ಟೆಯನ್ನೂ ಸೀಳಲು ಹೋದ. ಅವಳು ಕೈ ಹಿಡಿದು ನಿಲ್ಲಿಸಿ, ಯಾವ ಎಳೆ ಕತ್ತರಿಸಬೇಕೆಂದು ತೋರಿಸಿದಳು. ಎರಡನೆಯದು ಮುಗಿಯುವಾಗ ಬೆರಳು ಉರಿಯುತ್ತದೆ ಅಂದ. ಮೂರನೆಯದರ ಒಂದು ಪಕ್ಕ ಬಿಚ್ಚಿ, ಆನ್‌ಲೈನ್ ಮೀಟಿಂಗ್ ಇದೆ ಎಂದು ಎದ್ದ.

ಉಳಿದದ್ದನ್ನು ಅವಳೇ ಬಿಚ್ಚಿದಳು. ಆಸ್ಪತ್ರೆಯ ನರ್ಸುಗಳು ಕೋಟಿಲ್ಲದೆ ನಿಲ್ಲಬಾರದಲ್ಲ. ಮೂರು ಮಧ್ಯಾಹ್ನ ಹಿಡಿಯಿತು. ಆ ಮೂರು ದಿನ ಅವನ ಅಂಗಿಗಳು ಮುದ್ದೆಯಾಗಿಯೇ ಹಗ್ಗದ ಮೇಲಿದ್ದವು, ಅವನು ಹಾಗೆಯೇ ಹಾಕಿಕೊಂಡು ಕಾಲೇಜಿಗೆ ಹೋದ.

ಮುಂದಿನ ವಾರದ ಶನಿವಾರ ಮತ್ತೆ ಕೇಳಿದ. "ನಾಳೆ ಭಾಷಣ. ಈಗಲಾದ್ರೂ ಪಾಸ್‌ವರ್ಡ್ ಹೇಳಿ ಅತ್ತಿಗೆ."

ಅವಳು ಶಾಲೆಯ ಯೂನಿಫಾರ್ಮಿನ ಕಾಲರು ಬಿಡಿಸುತ್ತಿದ್ದಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹನ್ನೊಂದು ಅಕ್ಷರ ಇದೆ. ನೀನು ಎರಡೂವರೆ ಕೋಟು ಬಿಚ್ಚಿದೀಯ. ಬರ್ಕೋ, ಎರಡು ಅಕ್ಷರ ಹೇಳ್ತೀನಿ."